ಹೊಸ ಟೈರಿಗೆ ಮೊದಲ ಕಾವು: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳವೇ ಹೆಚ್ಚು. ಸ್ವಂತ ಕಾರನ್ನೋ ಬೈಕನ್ನೋ ರೇಸ್ ಟ್ರ್ಯಾಕಿನಲ್ಲಿ ಓಡಿಸುವ ಮುನ್ನ, ಹೊಸದಾಗಿ ಕೊಂಡ ಪರ್ಫಾರ್ಮೆನ್ಸ್ ಟೈರುಗಳನ್ನು ಹೇಗೆ ಸಿದ್ಧಗೊಳಿಸಬೇಕು ಎಂಬುದೇ ಅವುಗಳಲ್ಲಿ ಬಹುಪಾಲು ಪತ್ರಗಳ ಪ್ರಶ್ನೆ. ಹತ್ತಿರದಲ್ಲಿ ಟ್ರ್ಯಾಕ್ ಇಲ್ಲದೆ, ಅಪರೂಪಕ್ಕೊಮ್ಮೆ ಚೆನ್ನೈಗೋ ಕೊಯಮತ್ತೂರಿಗೋ ಹೋಗಿಬರುವ ನಮ್ಮ ಭಾಗದ ಉತ್ಸಾಹಿಗಳಿಗೆ ಒಂದು ಸೆಟ್ ಟೈರು ಅಕಾಲದಲ್ಲಿ ಹಾಳಾದರೆ ಆ ವರ್ಷದ ಅವಕಾಶವೇ ಕೈತಪ್ಪಿ ಹೋಗುತ್ತದೆ. ಆದ್ದರಿಂದ ಈ ತಿಂಗಳ ಅಂಕಣವನ್ನು ಪೂರ್ತಿಯಾಗಿ ಈ ಒಂದೇ ವಿಷಯಕ್ಕೆ ಬಿಟ್ಟುಕೊಟ್ಟಿದ್ದೇವೆ.

ಪ್ರಶ್ನೆ: ನನ್ನ ಬಳಿ ಟರ್ಬೊ ಪೆಟ್ರೋಲ್ ಹ್ಯಾಚ್‌ಬ್ಯಾಕ್ ಕಾರಿದೆ. ಎರಡು ದಿನಗಳ ಟ್ರ್ಯಾಕ್ ಓಟಕ್ಕೆ ಚೆನ್ನೈ ಬಳಿಯ ಇರುಂಗಾಟುಕೋಟೈಗೆ ಹೋಗಲಿದ್ದು, ಅದಕ್ಕಾಗಿ ಟ್ರೆಡ್‌ವೇರ್ 200 (ಸವೆತದ ಅಂಕಿ; ಕಡಿಮೆಯಿದ್ದಷ್ಟೂ ಟೈರು ಬೇಗ ಸವೆಯುತ್ತದೆ) ಎಂದು ಮುದ್ರಿಸಿರುವ ನಾಲ್ಕು ಹೊಸ ಟೈರುಗಳನ್ನು ಕೊಂಡಿದ್ದೇನೆ. ಇವನ್ನು ಒಮ್ಮೆ ಹದವಾಗಿ ಕಾಯಿಸಿ ಒಂದು ದಿನ ಆರಲು ಬಿಡಬೇಕು, ಇಲ್ಲದಿದ್ದರೆ ಬೇಗ ಕೆಡುತ್ತವೆ ಎಂದು ಗೆಳೆಯರು ಹೇಳುತ್ತಾರೆ. ಟೈರು ಅಂಗಡಿಯವರು ಅದೆಲ್ಲ ಬೇಕಿಲ್ಲ ಎನ್ನುತ್ತಾರೆ. ಯಾರ ಮಾತು ಸರಿ?
— ಬಳ್ಳಾರಿಯ ಓದುಗರು

ಉತ್ತರ: ಟ್ರ್ಯಾಕಿನ ಮಟ್ಟಿಗೆ ನಿಮ್ಮ ಗೆಳೆಯರ ಮಾತು ಸರಿ. ಊರೊಳಗೆ ಓಡಾಡುವ ಸಾಮಾನ್ಯ ಕಾರಿನ ಮಟ್ಟಿಗೆ ಅಂಗಡಿಯವರು ಹೇಳಿದ್ದೂ ಸುಳ್ಳಲ್ಲ. ಎರಡೂ ಕಡೆ ಟೈರು ಪಡುವ ಪಾಡು ಬೇರೆ ಬೇರೆಯಾಗಿರುವುದರಿಂದ ಈ ಭಿನ್ನಾಭಿಪ್ರಾಯ ಹುಟ್ಟುತ್ತದೆ.

ಟೈರಿನ ರಬ್ಬರು ಅಚ್ಚಿನೊಳಗೆ ಗಂಧಕದೊಡನೆ ಬೆಂದು ಗಟ್ಟಿಯಾಗುವಾಗ ಉದ್ದುದ್ದನೆಯ ಅಣುಸರಪಳಿಗಳ ನಡುವೆ ಲೆಕ್ಕವಿಲ್ಲದಷ್ಟು ಬಂಧಗಳು ಬೆಸೆದುಕೊಳ್ಳುತ್ತವೆ. ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ಕಂಡುಕೊಂಡ ವಲ್ಕನೀಕರಣ ಎಂಬ ಈ ಕ್ರಿಯೆಯೇ ಇಂದಿಗೂ ಟೈರು ತಯಾರಿಕೆಯ ಬುನಾದಿ. ಆದರೆ ಹಾಗೆ ಬೆಸೆದ ಬಂಧಗಳೆಲ್ಲ ಸಮಬಲದವಲ್ಲ. ಕೆಲವು ಗಿಡ್ಡವಾಗಿ ಬಿಗಿದುಕೊಂಡಿರುತ್ತವೆ, ಕೆಲವು ಸಡಿಲವಾಗಿರುತ್ತವೆ. ರಬ್ಬರಿನಲ್ಲಿ ಬೆರೆಸಿದ ಕಾರ್ಬನ್ ಬ್ಲ್ಯಾಕ್ ಮತ್ತು ಸಿಲಿಕಾ ಕಣಗಳಿಗೆ ಅಂಟಿಕೊಂಡ ಕೊಂಡಿಗಳ ಸ್ಥಿತಿಯೂ ಹಾಗೆಯೇ. ಹೊಸ ರಬ್ಬರನ್ನು ಮೊದಲ ಸಲ ಎಳೆದಾಗ ಅದು ತೋರಿದ ಬಿಗುವನ್ನು ಎರಡನೆಯ ಸಲ ಅಷ್ಟೇ ಎಳೆದಾಗ ತೋರುವುದಿಲ್ಲ. ರಬ್ಬರು ವಿಜ್ಞಾನದಲ್ಲಿ ಮಲ್ಲಿನ್ಸ್ ಪರಿಣಾಮವೆಂದು ಕರೆಯುವ ಈ ಗುಣವೇ ನಿಮ್ಮ ಪ್ರಶ್ನೆಯ ಹಿಂದಿರುವುದು. ಮೊದಲ ಬಾರಿ ಬಿಸಿಯೂ ಬಾಗುವಿಕೆಯೂ ಒಟ್ಟಿಗೆ ಬಿದ್ದಾಗ ದುರ್ಬಲ ಬಂಧಗಳು ಕಳಚುತ್ತವೆ. ಅಲ್ಲಿಗೆ ನಿಲ್ಲಿಸಿ ಟೈರನ್ನು ಬಿಟ್ಟುಬಿಟ್ಟರೆ ಅವು ನಿಧಾನವಾಗಿ, ಮೊದಲಿಗಿಂತ ಹೆಚ್ಚು ಸಮನಾಗಿ ಮತ್ತೆ ಕೂಡಿಕೊಳ್ಳುತ್ತವೆ. ನಿಲ್ಲಿಸದೆ ಅದೇ ಕಾವಿನಲ್ಲಿ ಸುತ್ತಿನ ಮೇಲೆ ಸುತ್ತು ಹೊಡೆದರೆ ಕೂಡಿಕೊಳ್ಳಲು ಸಮಯವೇ ಸಿಗದೆ ರಬ್ಬರು ಬೇಗ ಸವೆಯುತ್ತದೆ, ಹಿಡಿತವೂ ಕಾಲಕ್ಕೆ ಮುಂಚೆಯೇ ಕುಂದುತ್ತದೆ.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಹೀಗೆ ಪಳಗಿಸುವುದರಿಂದ ಟೈರಿನ ಗರಿಷ್ಠ ಹಿಡಿತ ಹೆಚ್ಚುತ್ತದೆ ಎಂದು ಭಾವಿಸಬಾರದು. ಸಿಗುವ ಲಾಭವೆಂದರೆ ಸವೆತ ಸಮನಾಗುವುದು ಮತ್ತು ಟೈರಿನ ಗುಣ ಮೊದಲಿನಿಂದ ಕೊನೆಯವರೆಗೆ ಹೆಚ್ಚು ಏರುಪೇರಿಲ್ಲದೆ ಉಳಿಯುವುದು. ಈ ಲಾಭವೂ ರೇಸ್ ಟ್ರ್ಯಾಕಿಗೆಂದು ಮಾಡಿದ, ಬಹಳ ಮೆದು ರಬ್ಬರಿನ ಆರ್-ಕಾಂಪೌಂಡ್ ಟೈರುಗಳಲ್ಲಿ ಮತ್ತು ನೀವು ಕೊಂಡಿರುವ 200ರ ವರ್ಗದ ಮೆದು ಟೈರುಗಳಲ್ಲಿ ಎದ್ದು ಕಾಣುತ್ತದೆಯೇ ಹೊರತು, ಟ್ರೆಡ್‌ವೇರ್ 400 ಅಥವಾ ಅದಕ್ಕೂ ಮೇಲಿನ ಸಾಮಾನ್ಯ ಟೈರುಗಳಲ್ಲಿ ಅಷ್ಟಾಗಿ ಅಲ್ಲ. ಆ ಸಂಖ್ಯೆಯನ್ನು ತಯಾರಕರು ತಾವೇ ನಿಗದಿಪಡಿಸುವುದರಿಂದ ಒಂದು ಕಂಪನಿಯ 200ನ್ನು ಇನ್ನೊಂದು ಕಂಪನಿಯ 200ರೊಡನೆ ತೂಗಿ ನೋಡುವುದರಲ್ಲಿ ಹೆಚ್ಚು ಅರ್ಥವಿಲ್ಲ.

ಈಗ ಕ್ರಮಕ್ಕೆ ಬರೋಣ. ಟೈರನ್ನು ರಿಮ್ಮಿಗೆ ಏರಿಸುವಾಗ ಅಂಚಿಗೆ ಜಾರುದ್ರವ ಹಚ್ಚಿರುತ್ತಾರೆ. ಅದು ಪೂರ್ತಿ ಒಣಗುವ ಮೊದಲೇ ಬಲವಾಗಿ ಬ್ರೇಕ್ ಹಾಕಿದರೆ ರಿಮ್ಮಿನ ಮೇಲೆ ಟೈರೇ ಸರಿದು ಬ್ಯಾಲೆನ್ಸಿಂಗ್ ಕೆಡುವ ಸಂಭವವಿದೆ. ಆದ್ದರಿಂದ ಮೊದಲ ದಿನ ಮೆಲ್ಲಗೆ ಓಡಿಸಿ. ಟೈರಿನ ಮೇಲೂ ರಿಮ್ಮಿನ ಮೇಲೂ ಒಂದೇ ನೇರಕ್ಕೆ ಸೀಮೆಸುಣ್ಣದ ಗೆರೆ ಎಳೆದಿಟ್ಟರೆ ಟೈರು ಸರಿದಿದೆಯೋ ಇಲ್ಲವೋ ಎಂಬುದು ಕಣ್ಣಿಗೇ ಕಾಣುತ್ತದೆ. ಬಾಣದ ಗುರುತಿರುವ ಟೈರಾದರೆ ಬಾಣ ಮುಂದಕ್ಕೆ ಉರುಳುವ ದಿಕ್ಕನ್ನು ತೋರಬೇಕು, ಹೊರಬದಿ ಎಂದು ಬರೆದಿರುವ ಟೈರಾದರೆ ಆ ಬರಹ ಹೊರಗೆ ಕಾಣಬೇಕು. ಇದನ್ನು ಅಂಗಡಿಯಲ್ಲೇ ನಿಂತು ನೋಡಿಕೊಳ್ಳುವುದು ಒಳ್ಳೆಯದು. ಆಮೇಲೆ 200ರಿಂದ 300 ಕಿಲೋಮೀಟರ್ ಸಾಮಾನ್ಯ ವೇಗದಲ್ಲಿ ರಸ್ತೆಯ ಮೇಲೆ ಓಡಿಸಬೇಕು. ಅಚ್ಚಿನಿಂದ ಬಂದ ನುಣುಪು ಪದರ ಸವೆದು, ಟ್ರೆಡ್ಡಿನ, ಅಂದರೆ ನೆಲಕ್ಕೆ ತಾಗುವ ಗೀರುಗಳುಳ್ಳ ಭಾಗದ, ಮೇಲ್ಮೈ ತರಿತರಿಯಾಗುವುದು ಈ ಓಟದಲ್ಲಿಯೇ. ಇದಾದ ಮೇಲೆ ಚಕ್ರದ ನಟ್ಟುಗಳನ್ನು ಟಾರ್ಕ್ ರೆಂಚಿನಿಂದ ಮತ್ತೊಮ್ಮೆ ಪರೀಕ್ಷಿಸಿ, ಅಲೈನ್‌ಮೆಂಟ್ ಮಾಡಿಸಿ.

ನಿಜವಾದ ಕಾಯಿಸುವಿಕೆ ನಡೆಯಬೇಕಾದದ್ದು ಟ್ರ್ಯಾಕಿನ ಮೇಲೆ, ನಿಮ್ಮ ಮೊದಲ ಸರದಿಯಲ್ಲಿ. ಒಟ್ಟು ಹತ್ತರಿಂದ ಹದಿನೈದು ನಿಮಿಷ ಸಾಕು. ಇರುಂಗಾಟುಕೋಟೈಯ ಮದ್ರಾಸ್ ಇಂಟರ್‌ನ್ಯಾಷನಲ್ ಸರ್ಕಿಟ್ ಸುತ್ತಿಗೆ 3.7 ಕಿಲೋಮೀಟರ್ ಇರುವುದರಿಂದ ಇದು ಬೆರಳೆಣಿಕೆಯ ಸುತ್ತುಗಳ ಮಾತು. ಮೊದಲ ಸುತ್ತನ್ನು ಹೆದ್ದಾರಿಯಲ್ಲಿ ಹೋದಷ್ಟೇ ಸಮಾಧಾನವಾಗಿ ಮುಗಿಸಿ, ಅಲ್ಲಿಂದ ಪ್ರತಿ ಸುತ್ತಿಗೂ ವೇಗವನ್ನು ಸ್ವಲ್ಪಸ್ವಲ್ಪವೇ ಏರಿಸುತ್ತ ನಿಮ್ಮ ಪೂರ್ಣ ವೇಗದ ಮುಕ್ಕಾಲು ಪಾಲಿಗೆ ಬಂದು ಅಲ್ಲಿ ನಿಲ್ಲಿ. ಚಕ್ರ ಕಚ್ಚುವಂಥ ಬ್ರೇಕಾಗಲಿ, ಟೈರು ಕಿರುಚುವಂಥ ತಿರುವಾಗಲಿ, ಒಂದೆಡೆ ನಿಂತು ಚಕ್ರ ತಿರುಗಿಸುವುದಾಗಲಿ ಈ ಸರದಿಯಲ್ಲಿ ಕೂಡದು, ಏಕೆಂದರೆ ಇವೆಲ್ಲ ಮೇಲ್ಮೈಯನ್ನು ಮಾತ್ರ ಸುಡುತ್ತವೆ. ನಮಗೆ ಬೇಕಾದದ್ದು ಟ್ರೆಡ್ಡಿನ ಒಳಗಿನವರೆಗೂ ಸಮನಾಗಿ ಇಳಿಯುವ ಕಾವು. ಕೊನೆಯ ಸುತ್ತನ್ನು ಮತ್ತೆ ನಿಧಾನಕ್ಕೆ ಇಳಿಸಿ ಪಿಟ್‌ಗೆ, ಅಂದರೆ ಟ್ರ್ಯಾಕಿನ ಪಕ್ಕದಲ್ಲಿ ವಾಹನ ನಿಲ್ಲಿಸುವ ಜಾಗಕ್ಕೆ, ಬನ್ನಿ.

ನಿಮ್ಮದು ಮುಂಚಕ್ರ ಚಾಲನೆಯ ಕಾರಾದ್ದರಿಂದ ಒಂದು ಎಚ್ಚರ ಅಗತ್ಯ. ಎಳೆತ, ಬ್ರೇಕಿನ ಹೆಚ್ಚಿನ ಭಾಗ, ತಿರುಗಿಸುವ ಕೆಲಸ ಎಲ್ಲವೂ ಮುಂದಿನ ಟೈರುಗಳ ಮೇಲೆಯೇ ಬೀಳುವುದರಿಂದ ಅವು ಬೇಗ ಕಾಯುತ್ತವೆ. ಹಿಂದಿನವು ಎಷ್ಟೋ ಹೊತ್ತು ತಣ್ಣಗೇ ಇರುತ್ತವೆ. ಮುಂದಿನ ಹಿಡಿತ ಬಂತೆಂದು ನಂಬಿ ವೇಗವಾಗಿ ತಿರುವಿಗೆ ನುಗ್ಗಿ, ನಡುವೆ ತಟ್ಟನೆ ಆಕ್ಸಿಲರೇಟರ್ ಬಿಟ್ಟರೆ ತಣ್ಣಗಿರುವ ಹಿಂಭಾಗ ಜಾರಿ ಕಾರು ಗಿರಕಿ ಹೊಡೆಯಬಹುದು. ಹಿಂದಿನ ಟೈರುಗಳಿಗೆ ಮೊದಲ ಸರದಿಯಲ್ಲಿ ಸಾಕಷ್ಟು ಕಾವು ಸಿಗಲಿಲ್ಲವೆಂದು ಮುಟ್ಟಿದಾಗ ತಿಳಿದುಬಂದರೆ, ಮುಂದೊಮ್ಮೆ ಅದೇ ಬದಿಯಲ್ಲಿ ಹಿಂದಿನದನ್ನು ಮುಂದಕ್ಕೆ ಹಾಕಿ ಅವನ್ನೂ ಹೀಗೆಯೇ ಪಳಗಿಸಬೇಕು.

ಪಿಟ್‌ಗೆ ಬಂದ ಮೇಲೆ ಕಾರನ್ನು ಒಂದೇ ಜಾಗದಲ್ಲಿ ನಿಲ್ಲಿಸಿ ಮರೆಯಬೇಡಿ. ನೆಲಕ್ಕೆ ತಾಗಿದ ಭಾಗ ಬೇರೆ ರೀತಿ ಆರದಂತೆ ಕೆಲವು ನಿಮಿಷಕ್ಕೊಮ್ಮೆ ಅಷ್ಟಿಷ್ಟು ಉರುಳಿಸಿ, ಆಮೇಲೆ ಚಕ್ರಗಳನ್ನು ಕಳಚಿ ನೆರಳಿನಲ್ಲಿಡಿ. ನೀರು ಸುರಿದು ತಣಿಸಬಾರದು. ಅಲ್ಲಿಂದ ಕನಿಷ್ಠ 24 ಗಂಟೆ ಅವುಗಳ ತಂಟೆಗೆ ಹೋಗಬಾರದು. ಇಡೀ ಕ್ರಮದಲ್ಲಿ ಜನ ಹೆಚ್ಚಾಗಿ ಬಿಟ್ಟುಬಿಡುವುದು ಇದನ್ನೇ. ಕಾಯಿಸುವುದನ್ನು ಎಲ್ಲರೂ ಹುರುಪಿನಿಂದ ಮಾಡುತ್ತಾರೆ, ಆದರೆ ದುಡ್ಡು ಕೊಟ್ಟು ಅಷ್ಟು ದೂರ ಬಂದ ಮೇಲೆ ಸುಮ್ಮನೆ ಕೂರಲು ಯಾರಿಗೂ ಮನಸ್ಸಾಗುವುದಿಲ್ಲ. ಅನಂತಪುರ, ಚಿತ್ತೂರಿನ ದಾರಿಯಾಗಿ ಸುಮಾರು 500 ಕಿಲೋಮೀಟರ್ ಬಂದವರಿಗೆ ಅದು ಕಷ್ಟವೇ ಎಂದು ನಾವೂ ಒಪ್ಪುತ್ತೇವೆ. ಆದ್ದರಿಂದ ನಿಮ್ಮ ಎರಡು ದಿನಗಳನ್ನು ಹೀಗೆ ಹಂಚಿಕೊಳ್ಳಿ: ಹಳೆಯ ಟೈರುಗಳು ಬೇರೆ ರಿಮ್ಮುಗಳ ಮೇಲಿದ್ದರೆ ಅವನ್ನು ಹಾಕಿಕೊಂಡೇ ಪ್ರಯಾಣ ಮಾಡಿ, ಹೊಸ ನಾಲ್ಕನ್ನು ಹಿಂದಿನ ಸೀಟು ಮಡಿಸಿ ಒಳಗಿಟ್ಟುಕೊಳ್ಳಿ. ಮೊದಲ ದಿನದ ಮೊದಲ ಸರದಿಯಲ್ಲಿ ಹೊಸದನ್ನು ಹಾಕಿ ಮೇಲೆ ಹೇಳಿದಂತೆ ಪಳಗಿಸಿ ತೆಗೆದಿಟ್ಟು, ಉಳಿದ ದಿನವೆಲ್ಲ ಹಳೆಯ ಟೈರುಗಳ ಮೇಲೆ ಟ್ರ್ಯಾಕಿನ ದಾರಿ ಕಲಿಯಿರಿ. ಕಡಿಮೆ ಹಿಡಿತದ ಟೈರು ಚಾಲಕನ ತಪ್ಪುಗಳನ್ನು ಕಡಿಮೆ ವೇಗದಲ್ಲೇ ತೋರಿಸಿಕೊಡುವುದರಿಂದ ಹೊಸಬರಿಗೆ ಇದು ಹೇಗೂ ಒಳ್ಳೆಯ ಪಾಠ. ಮರುದಿನ ಹೊಸ ಟೈರಿನಲ್ಲಿ ನಿಶ್ಚಿಂತೆಯಿಂದ ಓಡಿಸಬಹುದು. ಎರಡನೆಯ ರಿಮ್ ಸೆಟ್ ಇಲ್ಲದವರು ಹಿಂದಿನ ಭೇಟಿಯ ಕಟ್ಟಕಡೆಯ ಸರದಿಯನ್ನು ಹೊಸ ಟೈರು ಪಳಗಿಸಲೆಂದೇ ಮೀಸಲಿಟ್ಟರೆ, ಅವು ಮುಂದಿನ ಭೇಟಿಯವರೆಗೆ ತಾವಾಗಿಯೇ ವಿಶ್ರಮಿಸುತ್ತವೆ.

ಪ್ರಶ್ನೆ: ರಾಯಚೂರಿನ ಮೇ ತಿಂಗಳ ಬಿಸಿಲು ನಿಮಗೆ ಗೊತ್ತೇ ಇದೆ. ಹೊಸ ಟೈರುಗಳನ್ನು ಮಾಳಿಗೆಯ ಮೇಲೆ ಕಪ್ಪು ತಾಡಪಾಲಿನ ಕೆಳಗೆ ಒಂದು ದಿನ ಇಟ್ಟು, ಮರುದಿನ ಒಳಗೆ ತಂದಿಟ್ಟರೆ ಕಾಯಿಸಿ ಆರಿಸಿದಂತಾಗುವುದಿಲ್ಲವೇ? ಟ್ರ್ಯಾಕಿನ ಒಂದು ಸರದಿಯಾದರೂ ಉಳಿಯುತ್ತದೆ.
— ರಾಯಚೂರಿನ ಓದುಗರು

ಉತ್ತರ: ಆಗುವುದಿಲ್ಲ. ಪ್ರಶ್ನೆ ಚೆನ್ನಾಗಿದೆ, ಏಕೆಂದರೆ ಕಾವು ಎಂದರೆ ಬರೀ ತಾಪಮಾನ ಎಂಬ ತಿಳಿವಳಿಕೆಯನ್ನು ಸರಿಪಡಿಸಲು ಇದು ಅವಕಾಶ ಕೊಡುತ್ತದೆ. ಓಡುವ ಟೈರು ಬಿಸಿಯಾಗುವುದು ಹೊರಗಿನ ಶಾಖದಿಂದಷ್ಟೇ ಅಲ್ಲ. ಚಕ್ರ ಉರುಳುವಾಗ ಪ್ರತಿ ಸುತ್ತಿಗೂ ನೆಲಕ್ಕೆ ತಾಗುವ ಭಾಗ ಕಾರಿನ ಭಾರಕ್ಕೆ ಚಪ್ಪಟೆಯಾಗಿ ಮತ್ತೆ ಮೊದಲಿನ ಆಕಾರಕ್ಕೆ ಬರುತ್ತದೆ. ತಿರುವಿನಲ್ಲಿ ಟ್ರೆಡ್ಡಿನ ಬ್ಲಾಕುಗಳು, ಅಂದರೆ ಗೀರುಗಳ ನಡುವಿನ ರಬ್ಬರಿನ ತುಂಡುಗಳು, ಪಕ್ಕಕ್ಕೆ ವಾಲಿ ನೆಟ್ಟಗಾಗುತ್ತವೆ. ಹೀಗೆ ಬಾಗಿ ಏಳುವಾಗ ರಬ್ಬರು ತಾನು ಹೀರಿಕೊಂಡ ಶಕ್ತಿಯನ್ನೆಲ್ಲ ಹಿಂದಿರುಗಿಸದೆ ಒಂದು ಪಾಲನ್ನು ಒಳಗೇ ಶಾಖವಾಗಿ ಉಳಿಸಿಕೊಳ್ಳುತ್ತದೆ. ದುರ್ಬಲ ಬಂಧಗಳು ಕಳಚುವುದು ಈ ಬಾಗುವಿಕೆಯಿಂದಲೇ. ಮಾಳಿಗೆಯ ಮೇಲೆ ಅಲುಗದೆ ಮಲಗಿರುವ ಟೈರಿಗೆ ಎಷ್ಟು ಬಿಸಿ ತಾಗಿದರೂ ಅದು ಬಾಗುವುದಿಲ್ಲ, ಆದ್ದರಿಂದ ಪಳಗುವುದೂ ಇಲ್ಲ.

ಲಾಭವಿಲ್ಲದಿರುವುದಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ, ಹಾನಿಯೂ ಇದೆ. ಬಿಸಿಲಿನ ನೇರಳಾತೀತ ಕಿರಣ ಮತ್ತು ಗಾಳಿಯಲ್ಲಿನ ಓಝೋನ್ ರಬ್ಬರಿನ ಶತ್ರುಗಳು. ಅವುಗಳಿಂದ ಕಾಪಾಡಲೆಂದೇ ತಯಾರಕರು ಟೈರಿನಲ್ಲಿ ಮೇಣವನ್ನೂ ಕೆಲವು ರಾಸಾಯನಿಕಗಳನ್ನೂ ಬೆರೆಸಿರುತ್ತಾರೆ. ಬಿಸಿಲಿಗೆ ಒಡ್ಡಿದಷ್ಟೂ ಆ ರಕ್ಷಣೆ ಮುಂಚಿತವಾಗಿಯೇ ಖರ್ಚಾಗಿ ಮೇಲ್ಮೈ ಬಿರುಸಾಗುತ್ತದೆ. ನಮ್ಮ ಭಾಗದ ಬೇಸಿಗೆಯಲ್ಲಿ ಟೈರಿಗೆ ನೀವು ಮಾಡಬಹುದಾದ ದೊಡ್ಡ ಉಪಕಾರವೆಂದರೆ ನೆರಳು ಒದಗಿಸುವುದು. ರೇಸುಗಳಲ್ಲಿ ಗೀರುಗಳಿಲ್ಲದ ಸ್ಲಿಕ್ ಟೈರುಗಳಿಗೆ ಹೊದಿಸುವ ವಿದ್ಯುತ್ ಹೊದಿಕೆಗಳನ್ನು ನೋಡಿ ಈ ಯೋಚನೆ ಬಂದಿದ್ದರೆ, ಅವುಗಳ ಉದ್ದೇಶವೇ ಬೇರೆ. ಓಟ ಶುರುವಾದ ಕ್ಷಣದಿಂದಲೇ ಹಿಡಿತ ಸಿಗಲೆಂದು ಅವನ್ನು ಬಳಸುತ್ತಾರೆ.

ಪ್ರಶ್ನೆ: ತೋರಣಗಲ್ಲಿನಿಂದ ಹೊಸಪೇಟೆ ಕಡೆಗೆ ಹೆದ್ದಾರಿ ಅಗಲವಾಗಿದೆ. ಬೆಳಗಿನ ಜಾವ ವಾಹನಗಳು ಕಡಿಮೆ ಇರುವಾಗ ಅಲ್ಲಿಯೇ ಜೋರಾಗಿ ಓಡಿಸಿ, ಎಡಬಲಕ್ಕೆ ಹಾವಿನಂತೆ ತಿರುಗಿಸಿ ಟೈರು ಕಾಯಿಸಬಹುದೇ?
— ತೋರಣಗಲ್ಲಿನ ಓದುಗರು

ಉತ್ತರ: ದಯವಿಟ್ಟು ಬೇಡ. ಮೋಟಾರು ವಾಹನ ಕಾಯ್ದೆಯ 184ನೆಯ ಸೆಕ್ಷನ್ ಅಪಾಯಕಾರಿ ಚಾಲನೆಯನ್ನೂ 189ನೆಯ ಸೆಕ್ಷನ್ ಸಾರ್ವಜನಿಕ ಸ್ಥಳದಲ್ಲಿ ವೇಗದ ಪಂದ್ಯವನ್ನೂ ಶಿಕ್ಷಾರ್ಹವೆಂದು ಹೇಳುತ್ತವೆ. ಕಾನೂನಿಗಿಂತ ಮೊದಲು ನೆನೆಯಬೇಕಾದದ್ದು, ಪಾಳಿ ಮುಗಿಸಿ ಬೆಳಗಿನ ಜಾವದಲ್ಲಿ ಸೈಕಲ್ಲು, ಬೈಕುಗಳ ಮೇಲೆ ಅದೇ ದಾರಿಯಲ್ಲಿ ಮನೆಗೆ ಮರಳುವ ಕಾರ್ಮಿಕರನ್ನು. ಅದಿರು ಲಾರಿಗಳು ಉದುರಿಸಿಹೋದ ಕೆಂಪು ಧೂಳು ಡಾಂಬರಿನ ಮೇಲೆ ಹರಡಿರುವ ಕಡೆ ಹೊಸ ಟೈರಿನ ಹಿಡಿತವನ್ನು ಯಾರೂ ಊಹಿಸಲಾರರು.

ತಾಂತ್ರಿಕವಾಗಿಯೂ ಇದು ಕೆಲಸಕ್ಕೆ ಬಾರದು. ನೇರ ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಓಡುವ ಟೈರಿನ ನಡುಭಾಗಕ್ಕೂ ಪಕ್ಕದ ಗೋಡೆಯಾದ ಸೈಡ್‌ವಾಲಿಗೂ ಅಷ್ಟಿಷ್ಟು ಕಾವು ಬರುತ್ತದೆಯೇ ಹೊರತು ಟ್ರೆಡ್ಡಿನ ಅಂಚಿನಲ್ಲಿರುವ ಹೆಗಲಿನ ಬ್ಲಾಕುಗಳಿಗೆ ಕೆಲಸ ಬೀಳುವುದಿಲ್ಲ. ಎಡಬಲಕ್ಕೆ ತೂರಾಡಿಸುವುದರಿಂದ ಮೇಲ್ಮೈ ಸ್ವಲ್ಪ ಕೆರೆಯುತ್ತದೆ, ಒಳಗೆ ಕಾವು ಇಳಿಯುವುದಿಲ್ಲ. ರಸ್ತೆಯ ಮೇಲೆ ನುಣುಪು ಪದರ ಸವೆಸುವಷ್ಟಕ್ಕೆ ನಿಲ್ಲಿಸಿ, ಉಳಿದದ್ದನ್ನು ಟ್ರ್ಯಾಕಿಗೆ ಬಿಡಿ. ನಮ್ಮ ದೇಶದ ಮೋಟಾರು ಕ್ರೀಡೆಯೂ ಹಾಗೆಯೇ ಬೆಳೆದಿದೆ. ಮದ್ರಾಸಿನವರು ಮೊದಲು ಷೋಲಾವರಂನ ಹಳೆಯ ವಿಮಾನಪಟ್ಟಿಯ ಮೇಲೆ ಓಡಿಸುತ್ತಿದ್ದರು, ಆಮೇಲೆ ಇರುಂಗಾಟುಕೋಟೈಯಲ್ಲಿ ಟ್ರ್ಯಾಕನ್ನೇ ಕಟ್ಟಿದರು.

ಪ್ರಶ್ನೆ: ಟ್ರ್ಯಾಕಿಗೆ ಗಾಳಿಯ ಒತ್ತಡ ಎಷ್ಟಿರಬೇಕು? ನೈಟ್ರೋಜನ್ ತುಂಬಿಸಿದರೆ ಒತ್ತಡ ಏರುವುದಿಲ್ಲ ಎನ್ನುವುದು ನಿಜವೇ?
— ಸಿಂಧನೂರಿನ ಓದುಗರು

ಉತ್ತರ: ನೈಟ್ರೋಜನ್ ಕೂಡ ಬಿಸಿಯಾದಾಗ ಹಿಗ್ಗುವ ಅನಿಲವೇ, ಮತ್ತು ನಾವು ಉಸಿರಾಡುವ ಗಾಳಿಯಲ್ಲಿ ಶೇ 78ರಷ್ಟು ಅದೇ ಇದೆ. ವ್ಯತ್ಯಾಸವಿರುವುದು ತೇವಾಂಶದಲ್ಲಿ. ಪಂಕ್ಚರ್ ಅಂಗಡಿಯ ಕಂಪ್ರೆಸರಿನ ಟ್ಯಾಂಕಿನಲ್ಲಿ ನೀರು ನಿಂತಿದ್ದರೆ ಆ ತೇವ ಟೈರಿನೊಳಗೆ ಸೇರಿ, ಬಿಸಿಯಾದಾಗ ಆವಿಯಾಗಿ ಒತ್ತಡವನ್ನು ಲೆಕ್ಕಕ್ಕಿಂತ ಹೆಚ್ಚು ಏರಿಸುತ್ತದೆ. ಸಿಲಿಂಡರಿನ ನೈಟ್ರೋಜನ್ ಒಣಗಿರುವುದರಿಂದ ಏರಿಕೆ ಲೆಕ್ಕದಂತೆಯೇ ಇರುತ್ತದೆ. ಅಷ್ಟೇ ಒಣಗಿದ ಗಾಳಿ ಸಿಕ್ಕರೆ ಅದೂ ಸಮವೇ.

ಲೆಕ್ಕವನ್ನೇ ನೋಡೋಣ. ಗೇಜ್ ತೋರಿಸುವ ಒತ್ತಡಕ್ಕೆ ವಾತಾವರಣದ ಸುಮಾರು 14.7 ಪಿಎಸ್‌ಐ ಸೇರಿಸಿದರೆ ಸಿಗುವ ಒಟ್ಟು ಒತ್ತಡ, ಸೆಲ್ಸಿಯಸ್ ತಾಪಕ್ಕೆ 273 ಸೇರಿಸಿದಾಗ ಬರುವ ಸಂಖ್ಯೆಯ ಅನುಪಾತದಲ್ಲಿ ಏರುತ್ತದೆ. 30 ಡಿಗ್ರಿಯಲ್ಲಿ 30 ಪಿಎಸ್‌ಐ ಇದ್ದ ಟೈರಿನೊಳಗಿನ ಗಾಳಿ ಟ್ರ್ಯಾಕಿನಲ್ಲಿ 80 ಡಿಗ್ರಿಗೆ ಬಂದರೆ ಗೇಜ್ 37ಕ್ಕಿಂತ ತುಸು ಹೆಚ್ಚು ತೋರಿಸುತ್ತದೆ. ಆದ್ದರಿಂದ ಟ್ರ್ಯಾಕಿನಲ್ಲಿ ನಾವು ಗುರಿಯಿಡಬೇಕಾದದ್ದು ಬಿಸಿ ಒತ್ತಡಕ್ಕೆ. ಸಾಮಾನ್ಯ ಹ್ಯಾಚ್‌ಬ್ಯಾಕ್‌ಗೆ ರಸ್ತೆಗೂ ಒಪ್ಪುವ ಪರ್ಫಾರ್ಮೆನ್ಸ್ ಟೈರು ಹಾಕಿದ್ದರೆ 34ರಿಂದ 38 ಪಿಎಸ್‌ಐ ಒಳಗಿನ ಬಿಸಿ ಒತ್ತಡದಿಂದ ಪ್ರಯೋಗ ಆರಂಭಿಸುವುದು ಸೂಕ್ತ. ಟೈರು ತಯಾರಕರು ಬೇರೆ ಅಂಕಿ ಕೊಟ್ಟಿದ್ದರೆ ಅದನ್ನೇ ಅನುಸರಿಸಿ. ಬಾಗಿಲ ಬಳಿಯ ಚೀಟಿಯಲ್ಲಿ ಹೇಳಿರುವ ತಣ್ಣನೆಯ ಒತ್ತಡದೊಡನೆ ಹೊರಟು, ಪಿಟ್‌ಗೆ ಬಂದ ಕೂಡಲೇ ನಾಲ್ಕನ್ನೂ ಅಳೆದು, ಹೆಚ್ಚಾದ ಗಾಳಿಯನ್ನು ಒಂದೆರಡು ಪಿಎಸ್‌ಐಯಂತೆ ಬಿಡುತ್ತ ಬನ್ನಿ. ನಿಂತ ಕಾರಿನ ಒಂದು ಬದಿಗೆ ಬಿಸಿಲು ಹೊಡೆಯುತ್ತಿದ್ದರೆ ಆ ಬದಿಯ ಟೈರಿನೊಳಗಿನ ಗಾಳಿ ನೆರಳಿನ ಬದಿಯದಕ್ಕಿಂತ 20 ಡಿಗ್ರಿ ಹೆಚ್ಚು ಬಿಸಿಯಾಗಿ ಸುಮಾರು 3 ಪಿಎಸ್‌ಐ ಹೆಚ್ಚು ತೋರಿಸಬಹುದು. ಆದ್ದರಿಂದ ತಣ್ಣನೆಯ ಒತ್ತಡವನ್ನು ಬೆಳಿಗ್ಗೆಯೇ, ಬಿಸಿಲು ತಾಗುವ ಮೊದಲೇ ಸರಿಹೊಂದಿಸಬೇಕು.

ಈ ಅಂಕಣದಲ್ಲಿ ಬೇರೇನನ್ನು ಮರೆತರೂ ಮುಂದಿನ ಮಾತನ್ನು ಮರೆಯಬೇಡಿ. ಬಿಸಿಯಲ್ಲಿ 36ಕ್ಕೆ ಇಳಿಸಿದ ಟೈರು ಮತ್ತೆ 30 ಡಿಗ್ರಿಗೆ ಆರಿದಾಗ 29ರ ಆಸುಪಾಸಿಗೆ ಇಳಿದಿರುತ್ತದೆ. ನಾಲ್ವರನ್ನೂ ಸಾಮಾನನ್ನೂ ತುಂಬಿಕೊಂಡು ಅದೇ ಒತ್ತಡದಲ್ಲಿ ರಾತ್ರಿ ಹೆದ್ದಾರಿಯ ವೇಗದಲ್ಲಿ ಹೊರಟರೆ ಸೈಡ್‌ವಾಲ್ ಅತಿಯಾಗಿ ಬಾಗಿ, ಕಾದು, ಟೈರು ಒಡೆಯುವ ಅಪಾಯವಿದೆ. ಟ್ರ್ಯಾಕಿನಿಂದ ಹೊರಡುವ ಮುನ್ನ ಟೈರು ಆರಲು ಬಿಟ್ಟು, ಚೀಟಿಯಲ್ಲಿರುವಷ್ಟು ಗಾಳಿ ತುಂಬಿಕೊಂಡೇ ಹೊರಡಿ.

ಪ್ರಶ್ನೆ: ನಾನು 300 ಸಿಸಿ ಬೈಕಿನಲ್ಲಿ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೆ ಹೋಗಬೇಕೆಂದಿದ್ದೇನೆ. ಹೊಸ ಟೈರು ಹಾಕಿ ಗಂಗಾವತಿ–ಸಿಂಧನೂರು ನಡುವೆ ಸಾಕಷ್ಟು ಓಡಿಸಿದ್ದೇನೆ. ಇಷ್ಟು ಸಾಕೇ?
— ಗಂಗಾವತಿಯ ಓದುಗರು

ಉತ್ತರ: ಬೈಕಿನ ಟೈರು ದುಂಡಗಿರುವುದರಿಂದ ನೀವು ನೇರ ಹೋದಾಗ ನಡುಭಾಗ ಮಾತ್ರ ನೆಲಕ್ಕೆ ತಾಗುತ್ತದೆ. ಭತ್ತದ ಗದ್ದೆಗಳ ನಡುವಿನ ಆ ಸಪಾಟು ರಸ್ತೆಯಲ್ಲಿ ಬೈಕನ್ನು ವಾಲಿಸುವ ಸಂದರ್ಭವೇ ಕಡಿಮೆ. ಆದ್ದರಿಂದ ನಿಮ್ಮ ಟೈರಿನ ನಡುಭಾಗ ಪಳಗಿದ್ದರೂ ಎರಡೂ ಪಕ್ಕಗಳು ಅಂಗಡಿಯಿಂದ ತಂದ ದಿನ ಹೇಗಿದ್ದವೋ ಹಾಗೆಯೇ ನುಣುಪಾಗಿ ಉಳಿದಿರುತ್ತವೆ. ಬೆರಳಿನಿಂದ ಸವರಿ ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಹಾಗೆಂದು ಸುಗ್ಗಿಯ ಕಾಲದಲ್ಲಿ ಭತ್ತ ಒಣಹಾಕಿರುವ ರಸ್ತೆಗಳಲ್ಲಿ ಪಕ್ಕಗಳನ್ನು ಸವೆಸಲು ಹೋಗಬೇಡಿ. ಟ್ರ್ಯಾಕಿನಲ್ಲಿ ಮೊದಲ ಸರದಿಯ ಪ್ರತಿ ಸುತ್ತಿನಲ್ಲೂ ಹಿಂದಿನ ಸುತ್ತಿಗಿಂತ ಒಂದು ಎಳೆಯಷ್ಟೇ ಹೆಚ್ಚು ವಾಲಿಸುತ್ತ, ವಾಲಿದ ಸ್ಥಿತಿಯಲ್ಲಿ ಬ್ರೇಕನ್ನಾಗಲಿ ಥ್ರಾಟಲನ್ನಾಗಲಿ ಒರಟಾಗಿ ಬಳಸದೆ, ಸವೆದ ಭಾಗವನ್ನು ಅಂಚಿನ ಕಡೆಗೆ ನಿಧಾನವಾಗಿ ಹಿಗ್ಗಿಸಿಕೊಳ್ಳಿ. ಕರಿ ಸ್ಪೀಡ್‌ವೇ ಸುಮಾರು 2.1 ಕಿಲೋಮೀಟರಿನ ಚಿಕ್ಕ ಟ್ರ್ಯಾಕಾಗಿದ್ದು ತಿರುವುಗಳು ಬೇಗ ಬೇಗ ಎದುರಾಗುವುದರಿಂದ ಈ ಕೆಲಸಕ್ಕೆ ಅನುಕೂಲಕರವಾಗಿದೆ. ಒಂದು ಪಕ್ಕ ಇನ್ನೊಂದಕ್ಕಿಂತ ಬೇಗ ಪಳಗುತ್ತದೆ ಎಂಬುದು ನೆನಪಿರಲಿ, ಏಕೆಂದರೆ ಯಾವ ಟ್ರ್ಯಾಕಿನಲ್ಲೂ ಎಡ ಮತ್ತು ಬಲ ತಿರುವುಗಳ ಹೊರೆ ಸಮನಾಗಿರುವುದಿಲ್ಲ. ಕಡಿಮೆ ಬಳಕೆಯಾಗುವ ಪಕ್ಕದ ಮೊದಲ ವೇಗದ ತಿರುವಿನಲ್ಲಿ ವಿಶೇಷವಾಗಿ ತಾಳ್ಮೆಯಿರಲಿ.

ಪ್ರಶ್ನೆ: ಹೊಸ ಟೈರಿನ ನುಣುಪು ಹೋಗಲು ಪೆಟ್ರೋಲಿನಲ್ಲಿ ಒರೆಸಿ, ಮರಳು ಕಾಗದದಿಂದ ಉಜ್ಜಿ ಎಂದು ಮೆಕ್ಯಾನಿಕ್ ಹೇಳುತ್ತಾರೆ.
— ಕುಷ್ಟಗಿಯ ಓದುಗರು

ಉತ್ತರ: ಪೆಟ್ರೋಲ್, ಡೀಸೆಲ್, ಥಿನ್ನರ್ ಯಾವುದನ್ನೂ ಹಚ್ಚಬೇಡಿ. ಅವು ರಬ್ಬರಿನೊಳಗೆ ಹೀರಿಕೊಂಡು ಅದನ್ನು ಉಬ್ಬಿಸುತ್ತವೆ, ರಕ್ಷಕ ಮೇಣವನ್ನೂ ತೊಳೆದುಹಾಕುತ್ತವೆ. ಮರಳು ಕಾಗದದಿಂದ ದೊಡ್ಡ ಹಾನಿಯಿಲ್ಲ, ಆದರೆ ರಸ್ತೆ ಅದೇ ಕೆಲಸವನ್ನು ಇನ್ನೂ ಸಮನಾಗಿ ಮಾಡುತ್ತದೆ. ಟೈರಿಗೆ ಹೊಳಪು ಕೊಡುವ ಪಾಲಿಷನ್ನು ಟ್ರ್ಯಾಕಿಗೆ ಹೋಗುವ ಟೈರಿನ ಬಳಿಗೇ ತರಬೇಡಿ.

ಪ್ರಶ್ನೆ: ಕಡಿಮೆ ಬೆಲೆಗೆ ಸಿಕ್ಕ ಹೊಸ ಟೈರಿನ ಮೇಲೆ ಡಿಒಟಿ ಸಂಕೇತದ ಕೊನೆಯಲ್ಲಿ 1822 ಎಂದಿದೆ. ಟ್ರ್ಯಾಕಿಗೆ ಬಳಸಬಹುದೇ?
— ಮಾನ್ವಿಯ ಓದುಗರು

ಉತ್ತರ: ಅದು 2022ನೆಯ ಇಸವಿಯ 18ನೆಯ ವಾರದಲ್ಲಿ ತಯಾರಾದ ಟೈರು. ಇಷ್ಟು ವರ್ಷ ಅದು ಎಲ್ಲಿತ್ತು ಎಂಬುದೇ ಮುಖ್ಯ. ತಂಪಾದ ಕತ್ತಲೆ ಕೋಣೆಯಲ್ಲಿದ್ದ ಟೈರಿಗೂ ತಗಡಿನ ಗೋದಾಮಿನಲ್ಲಿ ನಮ್ಮ ಕಡೆಯ ಬೇಸಿಗೆಗಳನ್ನು ಕಳೆದ ಟೈರಿಗೂ ಬಹಳ ಅಂತರವಿದೆ. ಉಗುರಿನಿಂದ ಒತ್ತಿದಾಗ ಕಲ್ಲಿನಂತೆ ಬಿರುಸಾಗಿದ್ದರೆ, ಅಥವಾ ಸೈಡ್‌ವಾಲ್ ಬಾಗಿಸಿದಾಗ ಕೂದಲೆಳೆಯ ಬಿರುಕುಗಳು ಕಂಡರೆ ಬೆಲೆ ಎಷ್ಟೇ ಕಡಿಮೆಯಿದ್ದರೂ ಟ್ರ್ಯಾಕಿಗೆ ಬೇಡ. ಕಾಯಿಸಿ ಆರಿಸುವ ಕ್ರಮದಿಂದ ಮುದಿ ರಬ್ಬರು ಮತ್ತೆ ಮೆದುವಾಗುವುದಿಲ್ಲ.

ಪ್ರಶ್ನೆ: ಹೊಸ ಟೈರನ್ನು ಕ್ರಮವಾಗಿಯೇ ಪಳಗಿಸಿ ಮರುದಿನ ಓಡಿಸಿದೆ. ಆದರೂ ಮುಂದಿನ ಎಡ ಟೈರಿನ ಹೊರ ಅಂಚು ತರಿದಂತಾಗಿದೆ, ಅಲ್ಲಲ್ಲಿ ರಬ್ಬರಿನ ಉಂಡೆಗಳು ಅಂಟಿವೆ. ಟೈರು ಕೆಟ್ಟಿತೇ? ಮುಂದಿನ ಸಲದವರೆಗೆ ಎಲ್ಲಿಡಬೇಕು?
— ಸಂಡೂರಿನ ಓದುಗರು

ಉತ್ತರ: ಅಂಟಿರುವ ಉಂಡೆಗಳು ಟ್ರ್ಯಾಕಿನ ಅಂಚಿನಲ್ಲಿ ಬಿದ್ದಿದ್ದ ಬೇರೆಯವರ ಟೈರಿನ ಚೂರುಗಳು, ಬಿಸಿ ಟೈರು ಅವನ್ನು ಎತ್ತಿಕೊಂಡಿದೆ. ರಸ್ತೆಯಲ್ಲಿ ಸ್ವಲ್ಪ ದೂರ ಓಡಿಸಿದರೆ ಉದುರಿಹೋಗುತ್ತವೆ. ಹೊರ ಅಂಚು ತರಿದಿರುವುದನ್ನು ಮಾತ್ರ ಗಂಭೀರವಾಗಿ ನೋಡಬೇಕು. ಹೊಸ ಟೈರಿನ ಟ್ರೆಡ್ ಆಳ 7ರಿಂದ 8 ಮಿಲಿಮೀಟರ್ ಇರುತ್ತದೆ. ಅಷ್ಟು ಎತ್ತರದ ಬ್ಲಾಕುಗಳು ತಿರುವಿನಲ್ಲಿ ಹೆಚ್ಚು ವಾಲಿ, ಹೆಚ್ಚು ಕಾದು, ಅಂಚಿನಿಂದ ಕಿತ್ತುಬರುತ್ತವೆ. ಅರ್ಧ ಸವೆದ ಟೈರು ಒಣ ಟ್ರ್ಯಾಕಿನಲ್ಲಿ ಹೊಸದಕ್ಕಿಂತ ಚೆನ್ನಾಗಿ ನಡೆದುಕೊಳ್ಳುವುದು ಇದೇ ಕಾರಣಕ್ಕೆ. ರಸ್ತೆಯಲ್ಲಿ ಮೊದಲ ಒಂದೆರಡು ಮಿಲಿಮೀಟರ್ ಸವೆಯುವವರೆಗೆ ಕಾಯುವ ತಾಳ್ಮೆ ಇದ್ದವರಿಗೆ ಈ ತೊಂದರೆ ಕಡಿಮೆ. ಮಳೆಯ ಮಾತು ಬೇರೆ, ಅಲ್ಲಿ ಆಳವೇ ಕಾಪಾಡುತ್ತದೆ.

ಕಾರಣ ಅದೊಂದೇ ಎಂದು ತೀರ್ಮಾನಿಸುವ ಮುನ್ನ ಅಳೆದು ನೋಡಿ. ಪಿಟ್‌ಗೆ ಬಂದ ಕೂಡಲೇ ಟ್ರೆಡ್ಡಿನ ಒಳ ಅಂಚು, ನಡು ಮತ್ತು ಹೊರ ಅಂಚಿನ ತಾಪವನ್ನು ಸೂಜಿಯಿರುವ ಪೈರೋಮೀಟರಿನಿಂದ ಬರೆದುಕೊಳ್ಳಿ. ಇನ್‌ಫ್ರಾರೆಡ್ ಗನ್ ಬೇಗ ತಣಿಯುವ ಮೇಲ್ಮೈಯನ್ನಷ್ಟೇ ಓದುತ್ತದೆ, ಸೂಜಿ ರಬ್ಬರಿನ ಒಳಗಿನ ಕಾವನ್ನು ಹೇಳುತ್ತದೆ. ನಡುಭಾಗ ಎರಡೂ ಅಂಚುಗಳಿಗಿಂತ ಬಿಸಿಯಾಗಿದ್ದರೆ ಗಾಳಿ ಹೆಚ್ಚಾಗಿದೆ. ಎರಡೂ ಅಂಚುಗಳು ಬಿಸಿಯಾಗಿ ನಡು ತಣ್ಣಗಿದ್ದರೆ ಗಾಳಿ ಕಡಿಮೆಯಾಗಿದೆ. ಹೊರ ಅಂಚೊಂದೇ ಬಹಳ ಬಿಸಿಯಾಗಿದ್ದರೆ ಚಕ್ರದ ಮೇಲ್ಭಾಗವನ್ನು ಒಳಕ್ಕೆ ವಾಲಿಸುವ ನೆಗೆಟಿವ್ ಕ್ಯಾಂಬರ್ ಸಾಲದು. ರಸ್ತೆಗೆಂದು ತಯಾರಾದ ಕಾರುಗಳಲ್ಲಿ ಇದು ಸಾಮಾನ್ಯ. ಕ್ಯಾಂಬರ್ ಬದಲಿಸಲಾಗದ ಕಾರಾದರೆ ತಿರುವಿಗೆ ಸ್ವಲ್ಪ ನಿಧಾನವಾಗಿ ಪ್ರವೇಶಿಸಿ, ಸ್ಟಿಯರಿಂಗನ್ನು ಬೇಕಾದುದಕ್ಕಿಂತ ಹೆಚ್ಚು ತಿರುಗಿಸದಿರುವುದೇ ಉಳಿದ ದಾರಿ. ಮುಂದಿನ ಟೈರು ಜಾರುತ್ತಿರುವಾಗ ಇನ್ನಷ್ಟು ತಿರುಗಿಸಿದರೆ ಕಾರು ತಿರುಗುವುದಿಲ್ಲ, ಟೈರಿನ ಅಂಚು ಉಜ್ಜಿಹೋಗುತ್ತದೆ.

ಇಡುವ ಜಾಗದ ವಿಷಯ. ಪತ್ರದಲ್ಲಿ ನೀವು ತಿಳಿಸಿರುವ ತಗಡಿನ ಶೆಡ್ಡು, ಅದೂ ವೆಲ್ಡಿಂಗ್ ನಡೆಯುವ ಶೆಡ್ಡು, ಟೈರಿಗೆ ಅತ್ಯಂತ ಕೆಟ್ಟ ಜಾಗ. ವೆಲ್ಡಿಂಗಿನ ಕಿಡಿಯೂ ಓಡುವ ವಿದ್ಯುತ್ ಮೋಟಾರುಗಳೂ ಓಝೋನ್ ಹುಟ್ಟಿಸುತ್ತವೆ, ತಗಡು ಬಿಸಿ ಇಳಿಸುತ್ತದೆ. ಮನೆಯೊಳಗೆ ಕಿಟಕಿಯಿಂದ ದೂರದ ಮೂಲೆಯಲ್ಲಿ, ಟೈರುಗಳನ್ನು ಒಣಬಟ್ಟೆಯಿಂದ ಒರೆಸಿ, ದಪ್ಪ ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿಡಿ. ಚೀಲದ ಮೇಲೆ ಯಾವ ಚಕ್ರ ಯಾವ ಬದಿಯದು, ಎಷ್ಟು ಸರದಿ ಓಡಿದೆ ಎಂದು ಬರೆದಿಡಿ. ಇಂಥ ಮೆದು ಟೈರುಗಳು ಪ್ರತಿ ಸಲ ಕಾದು ಆರಿದಾಗಲೂ ಒಂದಿಷ್ಟು ಗಡಸಾಗುತ್ತ ಹೋಗುವುದರಿಂದ, ಟ್ರೆಡ್ ಉಳಿದಿದ್ದರೂ ಹಿಡಿತ ಕುಂದಿರುವುದನ್ನು ಪತ್ತೆಹಚ್ಚಲು ಆ ಲೆಕ್ಕ ಬೇಕಾಗುತ್ತದೆ. ಮುಂದಿನ ಸಲ ಹಾಕುವ ಮುನ್ನ ಚಕ್ರವನ್ನು ಮಗುಚಿ ಕಣ್ಣಿಗೆ ಬೀಳದ ಒಳಬದಿಯ ಸೈಡ್‌ವಾಲನ್ನೂ ನೋಡಿ. ಅಲ್ಲಿ ಉಬ್ಬೋ ಸೀಳೋ ಕಂಡರೆ, ಅಥವಾ ತರಿದ ಅಂಚಿನಲ್ಲಿ ದಾರದ ಪದರ ಇಣುಕುತ್ತಿದ್ದರೆ, ಆ ಟೈರನ್ನು ಟ್ರ್ಯಾಕಿಗೂ ರಸ್ತೆಗೂ ಮತ್ತೆ ಬಳಸಬೇಡಿ.